ಹನ್ನವ್ವ ಕೂರುತ್ತಿದ್ದ ಜಾಗ

ಹನ್ನವ್ವ ತೀರಿಕೊಂಡಾಗ ಲೀದವ್ವನಿಗೆ ಮೊದಲು ಬಂದದ್ದು ದುಃಖವಲ್ಲ, ದಿಗಿಲು. ಹೇಳಲು ಸಂಕೋಚವಾಗುತ್ತದೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಸಮಾಧಿಗೆ ಹಿಡಿ ಮಣ್ಣು ಹಾಕಿ ಕೈ ಝಾಡಿಸಿಕೊಳ್ಳುತ್ತಿದ್ದಾಗಲೇ ಅವಳ ಮನಸ್ಸು ಬ್ಯಾಡಗಿಯ ತಮ್ಮ ಸಣ್ಣ ದೇವಾಲಯದೊಳಗೆ ಹೋಗಿ, ಹೆಂಗಸರ ಕಡೆಯ ಒಂದು ಬೆಂಚಿನ ಮುಂದೆ ನಿಂತುಬಿಟ್ಟಿತ್ತು. ಆ ಬೆಂಚಿನಲ್ಲಿ ಗೋಡೆಯ ತುದಿಗೆ ಲೀದವ್ವ ಕೂರುತ್ತಾಳೆ. ನಡುಹಾದಿಯ ತುದಿಗೆ ಸುಗಂಧಾ ಕೂರುತ್ತಾಳೆ. ಇಬ್ಬರ ನಡುವೆ ಹನ್ನವ್ವ ಕೂರುತ್ತಿದ್ದಳು. ಇನ್ನು ಮೇಲೆ ನಡುವೆ ಯಾರೂ ಇಲ್ಲ.

ಇದರಲ್ಲಿ ದಿಗಿಲು ಬೀಳುವಂಥದ್ದೇನು ಎಂದು ಹೊರಗಿನವರು ಕೇಳಬಹುದು. ಆ ದೇವಾಲಯದಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುವ ಮೊದಲು ಜನ ಒಬ್ಬರಿಗೊಬ್ಬರು ಸಮಾಧಾನ ಕೊಡಬೇಕು. ಪಾಸ್ಟರ್ ಅಯ್ಯನವರು ಕೆಳಗಿಳಿದು ಬಂದು, ಪ್ರತಿ ಬೆಂಚಿನ ನಡುಹಾದಿಯ ತುದಿಗೆ ಕೂತವರ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು, ದೇವರ ಸಮಾಧಾನ ನಿಮ್ಮೊಂದಿಗಿರಲಿ ಎನ್ನುತ್ತಾರೆ. ಅವರು ಪಕ್ಕದವರ ಕೈಯನ್ನು ಹಾಗೆಯೇ ಹಿಡಿಯುತ್ತಾರೆ, ಪಕ್ಕದವರು ಅವರ ಪಕ್ಕದವರದನ್ನು. ಬೆಂಕಿ ಬಿದ್ದ ಮನೆಗೆ ನೀರಿನ ಕೊಡ ಕೈಯಿಂದ ಕೈಗೆ ಸಾಗುವಂತೆ ಅದು ಗೋಡೆಯವರೆಗೆ ಸಾಗುತ್ತದೆ. ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಂಡು ಆ ಕೈ ಹಿಡಿಯಬಾರದು. ಆ ಕೈ ಹಿಡಿಯದೆ ರೊಟ್ಟಿಯನ್ನು ಮುಟ್ಟಬಾರದು. ಲೀದವ್ವನೂ ಸುಗಂಧಾಳೂ ಮಾತು ಬಿಟ್ಟು ಯಾವ ಕಾಲವಾಯಿತೋ. ಆದರೂ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ತಿಂಗಳು ತಿಂಗಳೂ ರೊಟ್ಟಿ ತಿಂದರು. ಅದು ಹನ್ನವ್ವನ ಪುಣ್ಯ.

ಜಗಳ ಹುಟ್ಟಿದ್ದೂ ಅದೇ ಬೆಂಚಿನಲ್ಲಿ. ಲೀದವ್ವ ಗಂಡ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ಒಬ್ಬಳೇ ಮಗಳು ಜೆಮೀಮಾಳನ್ನು ನರ್ಸಿಂಗ್ ಓದಿಸಿದವಳು. ಮಗಳಿಗೆ ಹಾವೇರಿಯ ಕಡೆಯಿಂದ ಯೋಹಾನ ಎಂಬ ವರ ಗೊತ್ತಾಯಿತು. ಅವರಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ದೇವಾಲಯದಲ್ಲಿ ವಧುವರರ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಎನ್ನುತ್ತಾರೆ. ಯಾರೂ ತಿಳಿಸುವುದಿಲ್ಲ. ಆ ಹೊತ್ತಿಗೆ ಎಲ್ಲರೂ ತಲೆ ತಗ್ಗಿಸಿ ಕೀರ್ತನೆ ಪುಸ್ತಕದ ಹಾಳೆ ತಿರುವುತ್ತಾರೆ. ಮೂರನೆಯ ಭಾನುವಾರ ಸುಗಂಧಾ ಎದ್ದು ನಿಂತಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಆ ಮನೆಯ ಯೋಹಾನನಿಗೆ ಆಗಲೇ ಬೇರೆ ಊರಿನಲ್ಲಿ ಹೆಂಡತಿಯೂ ಕೂಸೂ ಇದ್ದಾರಂತೆ ಎಂದಳು. ಅವಳು ಕಾಯಿ ಬಿಡಿಸಲು ಹೋಗುವ ಮೆಣಸಿನಕಾಯಿ ಗೋದಾಮಿನಲ್ಲಿ ಕರ್ಜಗಿಯ ಹೆಂಗಸೊಬ್ಬಳು ಆಣೆ ಮಾಡಿ ಹೇಳಿದ್ದಳಂತೆ.

ಆ ಹೆಂಗಸು ಹೇಳಿದ್ದೂ ಸುಳ್ಳಲ್ಲ. ಆ ಮನೆಯವರು ಅಜ್ಜನ ಮೇಲಿನ ಪ್ರೀತಿಗೆ ಅಜ್ಜನ ಹೆಸರನ್ನೇ ಮೊಮ್ಮಕ್ಕಳಿಗೆಲ್ಲ ಇಟ್ಟಿದ್ದರು. ದೊಡ್ಡಪ್ಪನ ಮಗನೂ ಯೋಹಾನ, ಚಿಕ್ಕಪ್ಪನ ಮಗನೂ ಯೋಹಾನ. ಹೆಂಡತಿ ಇದ್ದವನು ಬೇರೆಯವನು. ಇದು ತಿಳಿಯಾಗುವಷ್ಟರಲ್ಲಿ ವರನ ಕಡೆಯವರು ದೇವರ ಮನೆಯಲ್ಲಿ ನಮ್ಮ ಮಾನ ಹೋಯಿತು ಎಂದು ಸಂಬಂಧ ಮುರಿದರು. ಸುಗಂಧಾ ತಪ್ಪಾಯಿತು ಎನ್ನಲು ಲೀದವ್ವನ ಬಾಗಿಲಿಗೆ ಬಂದಳು. ಲೀದವ್ವ ತಲೆಯೆತ್ತಲಿಲ್ಲ. ಮಿಷನ್ನಿನಲ್ಲಿ ಬಟ್ಟೆಯೂ ಇರಲಿಲ್ಲ, ದಾರವೂ ಇರಲಿಲ್ಲ, ಆದರೂ ಅವಳು ಹೊರಟುಹೋಗುವವರೆಗೆ ತುಳಿಯುತ್ತಲೇ ಇದ್ದಳು.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಆ ದೇವಾಲಯದಲ್ಲಿ ವಾದ್ಯವಿಲ್ಲ, ಯಾರಾದರೊಬ್ಬರು ಕೀರ್ತನೆ ಎತ್ತಬೇಕು, ಮಿಕ್ಕವರು ಹಿಂದೆ ಹಾಡಬೇಕು. ಎತ್ತುತ್ತಿದ್ದವಳು ಸುಗಂಧಾ. ಅವಳು ಎತ್ತಿದರೆ ಹೊರಗೆ ಹಾದಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸುತ್ತಿದ್ದರು. ಹೆಂಗಸರ ಕೂಟದಲ್ಲಿ ಲೀದವ್ವ ಎಲ್ಲರೆದುರು, "ನನ್ನ ಮಗಳ ಮದಿವಿ ಮುರಿದ ಬಾಯಿಂದ ದೇವರ ಹಾಡು ಏಳೋದಾದ್ರ ನಾ ಈ ಕಡೆ ಕಾಲಿಡಂಗಿಲ್ಲ" ಎಂದಳು. ಮುಂದಿನ ವಾರದಿಂದ ಹಿರಿಯರಾದ ಸಮುವೇಲಪ್ಪನವರು ಎತ್ತತೊಡಗಿದರು. ಅವರು ಎಷ್ಟು ತಗ್ಗಿಗೆ ಹಿಡಿಯುತ್ತಿದ್ದರೆಂದರೆ ಕೀರ್ತನೆ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಅದೂ ಲೀದವ್ವನ ಕಿವಿಗೆ ಹಿತವಾಗಿಯೇ ಕೇಳುತ್ತಿತ್ತು.

ಬೆಂಚು ಮಾತ್ರ ಇಬ್ಬರೂ ಬಿಡಲಿಲ್ಲ. ಅವಳು ಏಳಲಿ ಎಂದು ಇವಳು, ಇವಳು ಏಳಲಿ ಎಂದು ಅವಳು. ನಡುವೆ ಒಬ್ಬರು ಕೂರುವಷ್ಟು ಖಾಲಿ ಜಾಗ. ಮುಂದಿನ ಕರ್ತನ ಭೋಜನದ ದಿನ, ಮಿಷನ್ ಬೋರ್ಡಿಂಗಿನಲ್ಲಿ ಆಯಾ ಆಗಿ ಮುದುಕಿಯಾಗಿದ್ದ ಹನ್ನವ್ವ ಮುಂದಿನ ಸಾಲಿನಿಂದ ಎದ್ದು, ಕೈಚೀಲ ಹಿಡಿದು ಕುಂಟುತ್ತ ಬಂದಳು. "ಸರೀರಿ ನನ್ನವ್ವಗೋಳ, ನನಗೂ ಒಂದೀಟು ಜಾಗಾ ಕೊಡ್ರಿ" ಎಂದು ಇಬ್ಬರ ನಡುವೆ ಕೂತಳು. ಆವತ್ತು ಕೂತವಳು ಸಾಯುವವರೆಗೆ ಅಲ್ಲೇ ಕೂತಳು. ಅಯ್ಯನವರಿಂದ ಸಮಾಧಾನ ಸುಗಂಧಾಳಿಗೆ, ಸುಗಂಧಾಳಿಂದ ಹನ್ನವ್ವನಿಗೆ, ಹನ್ನವ್ವನಿಂದ ಲೀದವ್ವನಿಗೆ. ಲೀದವ್ವನ ಆಚೆ ಗೋಡೆ. ಗೋಡೆಗೆ ಯಾರೂ ಸಮಾಧಾನ ಕೊಡುವುದಿಲ್ಲವಾದ್ದರಿಂದ ಲೀದವ್ವ ತೆಗೆದುಕೊಂಡು ಸುಮ್ಮನೆ ಕೂತರೆ ಆಯಿತು. ಒಳ್ಳೆಯ ಅನುಕೂಲದ ಜಾಗ.

ಜೆಮೀಮಾ ಮುಂದೆ ರಾಣೇಬೆನ್ನೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿ, ಅಲ್ಲೇ ಒಬ್ಬ ಒಳ್ಳೆಯ ಮೇಷ್ಟ್ರನ್ನು ಮದುವೆಯಾಗಿ, ಒಂದು ಮಗುವನ್ನೂ ಹೆತ್ತು, ಆ ಹಾವೇರಿಯ ಯೋಹಾನನ ಮುಖವನ್ನೂ ಮರೆತಳು. ಲೀದವ್ವನ ಸಿಟ್ಟಿಗೆ ಆಮೇಲೆ ಮಾಡಲು ಕೆಲಸವಿರಲಿಲ್ಲ. ಆದರೂ ಪಿಂಚಣಿಯವರ ಹಾಗೆ ಅದು ತಿಂಗಳ ಮೊದಲಿಗೆ ತಪ್ಪದೆ ಬಂದು ಹಾಜರಿ ಹಾಕುತ್ತಿತ್ತು. ಕರ್ತನ ಪ್ರಾರ್ಥನೆಯಲ್ಲಿ ನಾವೂ ಇನ್ನೊಬ್ಬರನ್ನು ಕ್ಷಮಿಸುತ್ತೇವೆ ಎಂಬ ಮಾತು ಬಂದಾಗ ಅವಳಿಗೆ ಸರಿಯಾಗಿ ಕೆಮ್ಮು ಬರುತ್ತಿತ್ತು. ಬ್ಯಾಡಗಿಯ ಗಾಳಿಯಲ್ಲಿ ಕೆಮ್ಮಿಗೆ ಕಾರಣ ಹುಡುಕಬೇಕಾಗಿಲ್ಲ.

ಇನ್ನೊಂದು ಸಂಗತಿ ಇತ್ತು. ಸಮಾಧಾನ ತೆಗೆದುಕೊಂಡು, ಕಣ್ಣು ಮುಚ್ಚಿ, ಅಂಗೈಗಳಿಂದ ಮುಖ ಸವರಿಕೊಂಡರೆ ಸಾಕು, ಲೀದವ್ವನ ಕಣ್ಣು ಉರಿದು ದಳದಳ ನೀರು ಇಳಿಯುತ್ತಿತ್ತು. ಸಭೆಯಲ್ಲಿ ಅವಳಿಗೆ ಅದರಿಂದ ಒಳ್ಳೆಯ ಹೆಸರು ಬಂದಿತ್ತು. ಪ್ರಾರ್ಥನೆ ಎಂದರೆ ಲೀದವ್ವನ ಹಾಗಿರಬೇಕು ಎಂದು ಹೆಂಗಸರು ಸೊಸೆಯರಿಗೆ ಹೇಳುತ್ತಿದ್ದರು. ಲೀದವ್ವ ಒಳಗೊಳಗೇ, ಈ ಮುದುಕಿ ಮಂಡಿಗೆ ಹಚ್ಚಿಕೊಳ್ಳುವ ಮುಲಾಮು ನನ್ನ ಕಣ್ಣು ತೆಗೆಯುತ್ತದೆ ಎಂದು ಗೊಣಗಿ, ಮೇಲೆ ಆ ಹೆಸರನ್ನು ಇಟ್ಟುಕೊಂಡಳು.

ಸಂಕ್ರಮಣದ ನಂತರ ಹನ್ನವ್ವ ಹೋದಳು. ಅದರ ಮುಂದಿನ ಕರ್ತನ ಭೋಜನಕ್ಕೆ ಲೀದವ್ವನಿಗೆ ಮಂಡಿ ನೋವು ಬಂತು. ಆವತ್ತು ಮಧ್ಯಾಹ್ನ ಹನ್ನವ್ವನ ಸೊಸೆ ನೋಡಿಕೊಂಡು ಹೋಗಲು ಬಂದಳು. "ನೀವು ಬರಲಿಲ್ಲ, ನಮ್ಮತ್ತಿನೂ ಇಲ್ಲ. ಅಯ್ಯನೋರು ಸುಗಂಧಕ್ಕಗ ಸಮಾಧಾನ ಕೊಟ್ರು. ಆಕಿ ಬಾಜೂಕ ಯಾರೂ ಇಲ್ಲ. ಪಾಪ, ಆರಾಧನಿ ಮುಗಿಯೋತನಕ ಕೈ ಹಂಗ ಮುಚಗೊಂಡು ಕುಂತಿದ್ಲು" ಎಂದಳು. ಲೀದವ್ವ ಮಂಡಿ ಒತ್ತಿಕೊಂಡಳು. ಖರೇ ನೋವು ಬಂದ ಹಾಗಾಯಿತು.

ಮರುತಿಂಗಳು ಮಂಡಿಯ ನೆಪ ಎರಡನೆಯ ಸಲ ನಡೆಯುವುದಿಲ್ಲವೆಂದು ಅವಳು ಶನಿವಾರವೇ ರಾಣೇಬೆನ್ನೂರಿನ ಬಸ್ಸು ಹತ್ತಿ ಮಗಳ ಮನೆಗೆ ಹೋದಳು. ಭಾನುವಾರ ಅಲ್ಲಿನ ದೇವಾಲಯದಲ್ಲಿ ಯಾರೋ ಪರಿಚಯವಿಲ್ಲದ ಹೆಂಗಸು ಅವಳಿಗೆ ಸಮಾಧಾನ ಕೊಟ್ಟಳು. ಮೆತ್ತನೆಯ, ತಣ್ಣನೆಯ, ಸೋಪಿನ ವಾಸನೆಯ ಕೈ. ಲೀದವ್ವ ಕಣ್ಣು ಮುಚ್ಚಿ ಮುಖ ಸವರಿಕೊಂಡಳು. ಏನೂ ಆಗಲಿಲ್ಲ. ಇನ್ನೊಮ್ಮೆ ಸವರಿಕೊಂಡಳು. ಕಣ್ಣು ಒಣಗಿದ ಹೊಂಡದ ಹಾಗಿತ್ತು. ಅಳು ಬಾರದ ಪ್ರಾರ್ಥನೆ ಅವಳಿಗೆ ರೂಢಿ ತಪ್ಪಿಹೋಗಿತ್ತು, ದೇವರು ಎದ್ದು ಹೊರಗೆ ಹೋದನೇನೋ ಎನ್ನಿಸಿತು.

ಊಟಕ್ಕೆ ಕೂತಾಗ ಅವಳು ಅದನ್ನು ಮಗಳಿಗೆ ನಗೆಯಾಡುತ್ತಲೇ ಹೇಳಿದಳು. "ಹನ್ನತ್ತಿ ಮುಲಾಮಿನ ಕೈ ಇಲ್ಲಂದ್ರ ನನಗ ಪ್ರಾರ್ಥನಿನ ಬರಂಗಿಲ್ಲ ನೋಡವಾ."

ಜೆಮೀಮಾ ಮಗುವಿಗೆ ತುತ್ತು ಕೊಡುತ್ತಿದ್ದವಳು ನಿಲ್ಲಿಸಿದಳು. "ಯಾವ ಮುಲಾಮು? ಹನ್ನಾಯಿಗೆ ಮುಲಾಮು ಆಗತಿದ್ದಿಲ್ಲವ್ವಾ. ಹಚ್ಚಿದ್ರ ಮೈಯೆಲ್ಲಾ ದದ್ದು ಏಳತಿದ್ವು. ಬರೇ ಔಡಲೆಣ್ಣಿ ಹಚ್ಚಗೋ ಅಂತ ನಾನ ಹೇಳಿದ್ದೆ."

"ಹಂಗಾದ್ರ ಆಕಿನೂ ಕಾಯಿ ಬಿಡಸಾಕ ಹೋಗತಿದ್ಲೇನು?"

"ಆ ಕಣ್ಣು ತಗೊಂಡು ಎಲ್ಲಿ ಹೋಗತಾಳ? ಮಣಸಿನಕಾಯಿ ಮುಟ್ಟಿ ಯಾವ ಕಾಲ ಆಗಿತ್ತೋ. ಸೊಸಿ ಮುಟ್ಟಾಕನ ಬಿಡತಿದ್ದಿಲ್ಲ."

ಲೀದವ್ವ ಅನ್ನದಲ್ಲಿ ಕೈಯಿಟ್ಟು ಕೂತಳು. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿನವೆಲ್ಲ ಮೆಣಸಿನಕಾಯಿಯ ತೊಟ್ಟು ಮುರಿದ ಕೈಯ ಖಾರ ನೀರಿಗೆ ಹೋಗುವುದಿಲ್ಲ, ಸೋಪಿಗೂ ಹೋಗುವುದಿಲ್ಲ. ಎಣ್ಣೆ ಕಂಡರೆ ಮಾತ್ರ ಬಿಟ್ಟು ಬರುತ್ತದೆ. ಹನ್ನವ್ವನ ಎಣ್ಣೆಗೈ ಎಡಕ್ಕೆ ಹಿಡಿದದ್ದನ್ನೇ ಬಲಕ್ಕೆ ದಾಟಿಸಿತ್ತು. ಇಷ್ಟು ವರ್ಷ ತನ್ನ ಅಂಗೈಯಲ್ಲಿ ಉರಿದದ್ದು, ತನ್ನ ಕಣ್ಣಲ್ಲಿ ನೀರು ತರಿಸಿ ಸಭೆಯಲ್ಲಿ ತನಗೆ ಹೆಸರು ತಂದದ್ದು ಸುಗಂಧಾಳ ಕೈ.

"ಯಾಕವ್ವಾ, ಸಾರು ಖಾರ ಆತೇನು?" ಎಂದಳು ಜೆಮೀಮಾ.

"ಇಲ್ಲವಾ. ಸಪ್ಪಗ ಐತಿ" ಎಂದಳು ಲೀದವ್ವ.

ಸಂಜೆಯ ಬಸ್ಸಿಗೆ ಅವಳು ಹೊರಟಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಇಳಿಬಿಸಿಲು ಮಡಿಲಿಗೆ ಬಂದು ಬೆಕ್ಕಿನ ಹಾಗೆ ಮಲಗಿತು. ಹೊರಗೆ ಹೊಲ, ಹೆದ್ದಾರಿ, ಮೆಣಸಿನಕಾಯಿ ಚೀಲ ಹೇರಿಕೊಂಡು ಸಂತೆಗೆ ಹೊರಟ ಟ್ರಾಕ್ಟರುಗಳು, ಒಂದರ ಹಿಂದೆ ಒಂದು. ಮೋಟೆಬೆನ್ನೂರು ದಾಟಿತೋ ಇಲ್ಲವೋ ತಿಳಿಯಲಿಲ್ಲ. ಬಸ್ಸಿನ ಸದ್ದು ಹಿಂದಕ್ಕೆ ಸರಿದು, ಮೂಗಿಗೆ ಒಣಮೆಣಸಿನಕಾಯಿಯ ಸಿಹಿಖಾರದ ವಾಸನೆ ಬಂತು. ಕಣ್ಣು ಬಿಟ್ಟಳೆಂದುಕೊಂಡಳು. ಬಿಟ್ಟಿರಲಿಲ್ಲ.

ಬೆಂಚು ಹೊರಗೆ ಬಯಲಿನಲ್ಲಿ ಇತ್ತು. ಸುತ್ತ ಕಣ್ಣು ಹೋಗುವಷ್ಟು ದೂರ ಒಣಹಾಕಿದ ಕೆಂಪು ಕಾಯಿ, ನೆಲ ಕಾಣದಷ್ಟು. ಕಾಯಿಯೊಳಗೆ ಬೀಜ ಗಿಲಿಗಿಲಿ ಎನ್ನುತ್ತಿದ್ದವು. ಪಕ್ಕದಲ್ಲಿ ಹನ್ನವ್ವ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಬಿಳಿ ಸೀರೆಯ ಅಂಚಿಗೆಲ್ಲ ಕೆಂಪು ಧೂಳು. ಸತ್ತಿದ್ದೀಯಲ್ಲ ಎಂದು ಕೇಳುವುದು ಸರಿಯಲ್ಲವೆಂದು ಲೀದವ್ವ ಸುಮ್ಮನಿದ್ದಳು.

"ಎಲ್ಲಿ ಇಟ್ಟೀಯವಾ?" ಎಂದಳು ಹನ್ನವ್ವ.

"ಏನ ಅತ್ತಿ?"

"ಇಷ್ಟು ದಿನ ನಾ ಕೊಟ್ಟಿದ್ದು. ತಿಂಗಳಾ ಕೊಡತಿದ್ದೆ. ನೀ ಯಾರಿಗೂ ಕೊಟ್ಟಿದ್ದು ಕಾಣಲಿಲ್ಲ. ಎಲ್ಲಿ ಇಟ್ಟೀ?"

"ನನ್ನ ಕಡೆ ಗೋಡಿ ಇತ್ತಲ್ಲ ಅತ್ತಿ."

"ಎಲ್ಲೈತಿ ಗೋಡಿ?"

ಲೀದವ್ವ ತಿರುಗಿ ನೋಡಿದಳು. ಗೋಡೆ ಇರಲಿಲ್ಲ. ಬರಿಯ ಕೆಂಪು ಬಯಲು, ಅದರ ಮೇಲೆ ಬಿಸಿಲು. ಅವಳಿಗೆ ನಾಚಿಕೆಯಾಯಿತು. ಈ ಕಡೆ ತಿರುಗಿ ಹನ್ನವ್ವನ ಆಚೆ ನೋಡಿದಳು. ಅಲ್ಲಿ ಸುಗಂಧಾ ಇದ್ದಳು, ಸುಗಂಧಾಳ ಆಚೆ ಅಯ್ಯನವರು, ಅವರ ಆಚೆ ಅವಳು ಕಂಡಿರದ ಹಳಬರು, ಪೇಟದವರು, ಬೋಳುತಲೆಯವರು, ಬರಿಗಾಲಿನವರು, ಒಬ್ಬರ ಕೈ ಒಬ್ಬರು ಹಿಡಿದು ಕೂತ ಸಾಲು ಬಯಲಿನ ಅಂಚಿನವರೆಗೆ ಹೋಗಿತ್ತು. ಸಾಲಿನ ಆ ತುದಿಗೆ ಮೊದಲು ಕೊಟ್ಟವರು ಯಾರೆಂದು ಬಿಸಿಲಿನ ಝಳದಲ್ಲಿ ಮುಖ ಕಾಣಲಿಲ್ಲ. ಕೈ ಮಾತ್ರ ಕಂಡಿತು. ಅದರ ಅಂಗೈಯೂ ಕೆಂಪಗಿತ್ತು.

ಯಾರೋ ಜೋರಾಗಿ ಸೀನಿದರು. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಇಡೀ ಬಸ್ಸು. ಬ್ಯಾಡಗಿ ಬಂದಿತ್ತು. ಕಂಡಕ್ಟರ್ ಮೂಗಿಗೆ ಕರವಸ್ತ್ರ ಹಿಡಿದು, "ಇಳೀರಿ ಯವ್ವಾ, ನಿದ್ದಿ ಮನ್ಯಾಗ ಮಾಡೀರಂತ" ಎಂದ.

ಕನಸು ಕಂಡವರಿಗೆಲ್ಲ ಧೈರ್ಯ ಬಂದುಬಿಡುವುದಿಲ್ಲ. ಲೀದವ್ವ ಒಂದು ವಾರ ರವಿಕೆ ಹೊಲಿಯುತ್ತ ಕಳೆದಳು, ಎರಡು ರವಿಕೆಗೆ ತೋಳು ತಿರುವುಮುರುವಾಗಿ ಕೂರಿಸಿದಳು. ಇನ್ನೊಂದು ವಾರ ಅದನ್ನು ಬಿಚ್ಚುತ್ತ ಕಳೆದಳು. ಆಮೇಲೆ ಒಂದು ದಿನ ಮಿಷನ್ನಿಗೆ ಮುಸುಕು ಹಾಕಿ ಎದ್ದು, ಸುಗಂಧಾ ಕೆಲಸ ಮಾಡುವ ಗೋದಾಮಿಗೆ ನಡೆದಳು. ಅವಳನ್ನು ಕಂಡು, ನಾನು ಬಿಟ್ಟುಬಿಟ್ಟಿದ್ದೇನೆ ಎಂದು ಹೇಳಬೇಕು. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಹಾದಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಆ ಮಾತನ್ನು ಆಡಿ ನೋಡಿದಳು, ಸಾಕಷ್ಟು ಚೆನ್ನಾಗಿಯೇ ಇತ್ತು.

ಗೋದಾಮಿನ ಒಳಗೆ ತಗಡಿನ ಸಂದುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದು, ಅದರೊಳಗೆ ಕೆಂಪು ಧೂಳು ಮೆಲ್ಲಗೆ ತೇಲುತ್ತಿತ್ತು. ಗುಡ್ಡದಂಥ ರಾಶಿಗಳ ಸುತ್ತ ಹೆಂಗಸರು ಮೂಗು ಬಾಯಿಗೆ ಸೆರಗು ಬಿಗಿದು ಕೂತು ತೊಟ್ಟು ಮುರಿಯುತ್ತಿದ್ದರು. ಒಂದು ಗುಂಪಿನವರು ಸೆರಗಿನೊಳಗಿಂದಲೇ ಸೋಬಾನೆ ಪದ ಹೇಳುತ್ತಿದ್ದರು, ಅದು ಎಲ್ಲಿಂದಲೋ ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಬಾಗಿಲಲ್ಲಿ ಚೀಲ ಝಾಡಿಸುತ್ತಿದ್ದ ರಮಜಾನಬಿ ಎಂಬ ಹಿರಿಯ ಹೆಂಗಸು ಲೀದವ್ವನನ್ನು ತಡೆದು, "ಯಾರು ಬೇಕಾಗಿತ್ರಿ?" ಎಂದಳು.

"ಸುಗಂಧಾ ಅಂತ."

"ಆಕಿನೇನ್ರಿ? ಅಲ್ಲಿ ಮೂಲ್ಯಾಗ ಒಬ್ಬಾಕಿನ ಕುಂತಾಳ ನೋಡ್ರಿ. ನಾವೆಲ್ಲಾ ಪದಾ ಹೇಳಿ ಹೊತ್ತು ಕಳೀತೀವಿ, ಆಕಿ ತುಟಿ ಬಿಚ್ಚಂಗಿಲ್ಲ. ಮೊದಲ ಭಾಳ ಛಲೋ ಹಾಡತಿದ್ಲಂತ." ರಮಜಾನಬಿ ದನಿ ತಗ್ಗಿಸಿದಳು. "ನಿಮ್ಮ ದೇವರ ಗುಡ್ಯಾಗ ಯಾರೋ ಆಕಿ ಬಾಯಿ ಕಟ್ಯಾರಂತ್ರಿ. ಯಾರಂತ ಕೇಳಿದ್ರ ಹೇಳಂಗಿಲ್ಲ. ತಪ್ಪು ನಂದ ಐತಿ ಅಂತಾಳ. ಅಲ್ರೀ, ತಪ್ಪು ಎಷ್ಟ ಇರಲಿ, ಹಾಡಾ ಕಸಗೊಂತಾರೇನ್ರಿ ಯಾರರ?"

ಲೀದವ್ವ ಹಾದಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಅಲ್ಲೇ ಬಿದ್ದುಹೋಯಿತು. ಕ್ಷಮಿಸಲು ಬಂದಿದ್ದಳು. ಕೊಡುವವರ ಕಡೆ ನಿಂತಿದ್ದೇನೆ ಎಂದುಕೊಂಡಿದ್ದಳು. ಬೇಡುವವರ ಕಡೆಯೂ ತನ್ನ ಹೆಸರಿದೆ ಎಂದು ಅವಳಿಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಸುಗಂಧಾ ತಿಳಿಯದೆ ಒಂದು ಮದುವೆ ಮುರಿದಳು. ನಾನು ತಿಳಿದೇ ಅವಳ ಕೊರಳು ಹಿಸುಕಿದ್ದೆ, ಹಿಸುಕಿ, ಅದು ಹಿತವಾಗಿದೆ ಎಂದು ಪ್ರತಿ ಭಾನುವಾರ ಕೇಳಿಸಿಕೊಂಡು ಕೂತಿದ್ದೆ. ಅಷ್ಟರಲ್ಲಿ ಧೂಳು ಕಣ್ಣಿಗೆ ಹೊಕ್ಕು ನೀರು ಸುರಿಯತೊಡಗಿತು.

ಮೂಲೆಯಲ್ಲಿದ್ದ ಸುಗಂಧಾ ತಲೆಯೆತ್ತಿ ನೋಡಿದಳು. ಬಾಗಿಲಲ್ಲಿ ಲೀದವ್ವ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಸುಗಂಧಾ ಮಡಿಲಿನ ಕಾಯಿ ಕೊಡವಿ, ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಎದ್ದು, ಎರಡು ಹೆಜ್ಜೆ ಬಂದಳು. ಲೀದವ್ವ ತಿರುಗಿ, ವಯಸ್ಸಿಗೆ ಮೀರಿದ ವೇಗದಲ್ಲಿ ಮನೆಗೆ ಓಡಿದಳು. ಇಂಥ ಹೊತ್ತಿನಲ್ಲಿ ಮಂಡಿ ನೋವು ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ಈಸ್ಟರ್ ಹಬ್ಬ ಬಂತು. ಆವತ್ತೂ ಕರ್ತನ ಭೋಜನ. ಬೆಳಕು ಹರಿಯುವ ಮುಂಚೆಯೇ ಲೀದವ್ವ ಎದ್ದು ಬಿಳಿ ಸೀರೆಯುಟ್ಟು, ಎಲ್ಲರಿಗಿಂತ ಮೊದಲು ದೇವಾಲಯಕ್ಕೆ ಬಂದಳು. ಒಳಗೆ ಮಬ್ಬು, ನಿನ್ನೆ ಕಟ್ಟಿದ ಸುಗಂಧರಾಜದ ಹೂವಿನ ವಾಸನೆ. ಅವಳು ಗೋಡೆಯ ತುದಿಗೆ ಹೋಗಲಿಲ್ಲ. ಹನ್ನವ್ವ ಕೂರುತ್ತಿದ್ದ ಜಾಗದಲ್ಲಿ ಕೂತಳು. ಅಲ್ಲಿ ಹಲಗೆ ಸವೆದು ನುಣುಪಾಗಿತ್ತು, ಎಣ್ಣೆ ಕುಡಿದು ಕಪ್ಪಾಗಿತ್ತು. ಸ್ವಲ್ಪ ಹೊತ್ತಿಗೆ ಸುಗಂಧಾ ಬಂದಳು. ನಡುವಿನ ಜಾಗದಲ್ಲಿ ಲೀದವ್ವನನ್ನು ಕಂಡು, ತಾನು ಕೂರಬೇಕೋ ಬೇಡವೋ ಎಂದು ಸೀರೆಯ ನೆರಿಗೆ ಹಿಡಿದು ನಿಂತಳು. ಲೀದವ್ವ ಒಂದು ಗೇಣು ಸರಿದು ಜಾಗ ಕೊಟ್ಟಳು. ಸುಗಂಧಾ ಕೂತಳು.

ಅಯ್ಯನವರು ಇಳಿದು ಬಂದರು. ಸುಗಂಧಾಳ ಕೈ ಹಿಡಿದು ಸಮಾಧಾನ ಕೊಟ್ಟು ಮುಂದಿನ ಬೆಂಚಿಗೆ ಹೋದರು. ಸುಗಂಧಾ ಅದನ್ನು ಮುಚ್ಚಿದ ಕೈಯಲ್ಲಿ ಹಾಗೇ ಇಟ್ಟುಕೊಂಡು ನೆಲ ನೋಡುತ್ತ ಕೂತಳು. ಲೀದವ್ವ ಎರಡೂ ಕೈ ಚಾಚಿದಳು. ಉರಿ ಬರಲಿ ಎಂದು ಹಲ್ಲು ಕಚ್ಚಿ ಚಾಚಿದಳು. ಈ ಸಲ ನಡುವೆ ಹನ್ನವ್ವನಿಲ್ಲ, ಪೂರ್ತಿ ಖಾರ ತನ್ನ ಪಾಲಿಗೆ. ಅದು ಬೇಕೆಂದೇ ಅವಳಿಗೆ ಅನಿಸಿತ್ತು.

ಸುಗಂಧಾಳ ಅಂಗೈ ತಣ್ಣಗಿತ್ತು. ಮಜ್ಜಿಗೆಯ ಹುಳಿವಾಸನೆ, ಅದರ ಮೇಲೆ ಕೊಬ್ಬರಿ ಎಣ್ಣೆಯ ವಾಸನೆ. ಉಗುರಿನ ಸಂದಿನಲ್ಲಿ ಸದಾ ಇರುತ್ತಿದ್ದ ಕೆಂಪು ಕೂಡ ಹೋಗಿತ್ತು.

"ಕಾಯಿ ಬಿಡಸಾಕ ಹೋಗಿಲ್ಲೇನು?" ಇಷ್ಟು ವರ್ಷಗಳ ಮೇಲೆ ಲೀದವ್ವನ ಬಾಯಿಂದ ಬಂದ ಮೊದಲ ಮಾತು ಅದು.

"ಇಲ್ರಿ ಅಕ್ಕಾ" ಎಂದಳು ಸುಗಂಧಾ, ಕೈ ಬಿಡದೆ. "ಆವತ್ತು ನೀವು ಬಂದಾಗ ನಿಮ್ಮ ಕಣ್ಣಾಗ ನೀರು ಬಂದಿದ್ದು ನೋಡಿದೆ. ಆವತ್ತಿಂದ ಬಿಟ್ಟೇನಿ. ಹನ್ನತ್ತಿ ಇಲ್ಲಲ್ಲರೀ ಈಗ, ನನ್ನ ಕೈಲಿಂದ ಸೀದಾ ನಿಮಗ ಬರೋದು. ಉರೀಬಾರ್ದು ಅಂತ ದಿನಾ ಮಜ್ಜಿಗ್ಯಾಗ ತೊಳಿತೇನಿ. ನೀವು ಇವತ್ತರ ಬರತೀರೋ ಇಲ್ಲೋ ಅಂತನೂ ಗೊತ್ತಿದ್ದಿಲ್ಲ."

ಊರಿಗೆಲ್ಲ ಅನ್ನ ಹುಟ್ಟುವ ಸುಗ್ಗಿಯ ದಿನಗಳು ಅವು. ಅಂಥ ದಿನಗಳಲ್ಲಿ ಇವಳು ಮನೆಯಲ್ಲಿ ಕೂತು, ಹಿಡಿಯುತ್ತಾರೋ ಇಲ್ಲವೋ ಎಂದು ತಿಳಿಯದ ಒಂದು ಕೈಗಾಗಿ ತನ್ನ ಕೈ ತೊಳೆದುಕೊಂಡಿದ್ದಳು. ಲೀದವ್ವನ ಬಾಯಿಂದ ಹೊರಟದ್ದು ಗೋದಾಮಿನ ಹಾದಿಯಲ್ಲಿ ಕಟ್ಟಿದ್ದ ಮಾತಾಗಿರಲಿಲ್ಲ. "ಜೆಮೀಮಾಂದು ನಾ ಬಿಟ್ಟೇನಿ ಸುಗಂಧಾ. ಯಾವಾಗೋ ಬಿಡಬೇಕಾಗಿತ್ತು. ನಿನ್ನ ಬಾಯಿ ಕಟ್ಟಿದ್ದು ನಂದು ತಪ್ಪು. ದೊಡ್ಡ ತಪ್ಪು. ಅದನ್ನ ನೀ ಬಿಡತೀಯೇನು?"

ಸುಗಂಧಾ ಹೌದೆಂದು ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು.

ಸಾಲಿನ ಕೊನೆಯವರು ತೆಗೆದುಕೊಂಡು ಸುಮ್ಮನೆ ಕೂರುವುದು ರೂಢಿ. ಲೀದವ್ವ ಆ ಕಡೆ ನೋಡಿದಳು, ಗೋಡೆ ಇದ್ದಲ್ಲೇ ಇತ್ತು. ಅವಳು ಈ ಕಡೆ ತಿರುಗಿ, ಸುಗಂಧಾಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, "ದೇವರ ಸಮಾಧಾನ ನಿನ್ನ ಜೋಡಿ ಇರಲಿ" ಎಂದು, ಬಂದ ದಾರಿಗೇ ತಿರುಗಿಸಿ ಕೊಟ್ಟಳು. ಹಾಗೆ ಹಿಂದಕ್ಕೆ ಕೊಟ್ಟದ್ದನ್ನು ಆ ದೇವಾಲಯ ಕಂಡಿರಲಿಲ್ಲ. ಹಿಂದಿನ ಬೆಂಚಿನ ಹನ್ನವ್ವನ ಸೊಸೆ ಬಾಯಿಗೆ ಸೆರಗು ಹಿಡಿದಳು.

ಅಯ್ಯನವರು ಕೀರ್ತನೆಯ ಸಂಖ್ಯೆ ಹೇಳಿದರು. ಗಂಡಸರ ಕಡೆಯಿಂದ ಸಮುವೇಲಪ್ಪನವರು ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು.

"ನೀ ಎತ್ತು" ಎಂದಳು ಲೀದವ್ವ.

"ಗಂಟಲು ಹೋಗೇತ್ರಿ ಅಕ್ಕಾ. ಕಾಯಿ ಧೂಳು."

"ಹೋದಷ್ಟು ಹೋಗಲಿ. ಉಳಿದದ್ದು ಎತ್ತು."

ಸುಗಂಧಾ ಎದ್ದು ನಿಂತು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ದನಿ ಮೊದಲು ಒಡೆಯಿತು. ಕೆಮ್ಮಿದಳು. ಮತ್ತೆ ಎತ್ತಿದಳು. ಮೊದಲಿನ ದನಿಯಲ್ಲ ಅದು, ಅರ್ಧಕ್ಕರ್ಧ ಉಸಿರೇ ಇತ್ತು, ಆದರೆ ಕೀರ್ತನೆ ನೆಲ ಬಿಟ್ಟಿತು. ಸಮುವೇಲಪ್ಪನವರು ತೆರೆದ ಬಾಯನ್ನು ಮುಚ್ಚಿ, ಆಮೇಲೆ ಎಲ್ಲರ ಹಾಗೆ ಹಿಂದೆ ಹಾಡಿದರು. ಪೂರ್ವದ ಕಿಟಕಿಯಿಂದ ಬಿಸಿಲು ಬಂದು ಬೆಂಚಿನ ಮೇಲೆ ಬಿತ್ತು.

ಲೀದವ್ವ ಕಣ್ಣು ಮುಚ್ಚಿ ಅಂಗೈಗಳಿಂದ ಮುಖ ಸವರಿಕೊಂಡಳು. ಅಂಗೈ ತಣ್ಣಗಿತ್ತು. ಆದರೂ ನೀರು ಬಂತು, ಎಂದಿಗಿಂತ ಹೆಚ್ಚಾಗಿಯೇ ಬಂತು. ಮುಲಾಮು ಎನ್ನಲು ಹನ್ನವ್ವನಿರಲಿಲ್ಲ, ಖಾರ ಎನ್ನಲು ಖಾರವಿರಲಿಲ್ಲ. ಅವಳು ಒರೆಸಿಕೊಳ್ಳಲು ಹೋಗದೆ, ತನ್ನ ಅಪಸ್ವರದಲ್ಲೇ ಸುಗಂಧಾಳ ಹಿಂದೆ ಹಾಡಿದಳು.